ರಿಸೆಪ್ಟರ್ ಸುಸ್ತಾಗುತ್ತವೆಯೇ?

ಪ್ರಶ್ನೆ: ಡೊಂಬಿವಲಿಯ ಜಿಮ್ ಟ್ರೇನರ್ ಹೇಳಿದಂತೆ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಎಂಟು ವಾರ ತಗೊಂಡು ನಾಲ್ಕು ವಾರ ಬಿಡುತ್ತೇನೆ. ಗ್ಯಾಪ್ ಕೊಟ್ಟರೆ ರಿಸೆಪ್ಟರ್‌ಗಳು ತಾಜಾ ಆಗುತ್ತವಂತೆ. ಈಗ ಮಗು ಬೇಕು, ಆದರೆ ವೀರ್ಯ ಪರೀಕ್ಷೆಯಲ್ಲಿ ಕೌಂಟ್ ಸೊನ್ನೆ. ರಿಸೆಪ್ಟರ್ ಸುಸ್ತಾಗಿವೆಯೇ?

ಉತ್ತರ: ಇಲ್ಲ. ಠಾಣೆಯಿಂದ ಬರಲಿ, ಪಿಂಪ್ರಿಯಿಂದ ಬರಲಿ, ಮಡಗಾಂವ್‌ನಿಂದ ಬರಲಿ, ಈ ಪ್ರಶ್ನೆಗೆ ಪ್ರತಿಸಲವೂ ಇದೇ ಉತ್ತರ. ಇಂಜೆಕ್ಷನ್ ನಿಲ್ಲಿಸಿರುವುದು ರಿಸೆಪ್ಟರಿನ ಕೆಲಸವನ್ನಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕೆಲಸವನ್ನು.

ಆಂಡ್ರೊಜೆನ್ (ಟೆಸ್ಟೊಸ್ಟೆರಾನ್‌ನಂಥ ಗಂಡು ಹಾರ್ಮೋನು) ರಿಸೆಪ್ಟರ್ ಎಂದರೆ ಜೀವಕೋಶದ ಒಳಗಿರುವ, ಸುಮಾರು 920 ಅಮೈನೊ ಆಮ್ಲಗಳ ಒಂದು ಪ್ರೋಟೀನು. ಹಾರ್ಮೋನು ಬಂದು ಕೂತಾಗ ಅದು ನ್ಯೂಕ್ಲಿಯಸ್ಸಿಗೆ ಹೋಗಿ ಡಿಎನ್‌ಎಗೆ ಅಂಟಿಕೊಂಡು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಹಾರ್ಮೋನು ಸಿಗದ ರಿಸೆಪ್ಟರ್ ಬೇಗ ಒಡೆದುಹೋಗುತ್ತದೆ: ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಮೂರು ಗಂಟೆಯೊಳಗೆ ಹೆಚ್ಚುಕಡಿಮೆ ಅರ್ಧ ಖಾಲಿ. ಹಾರ್ಮೋನು ಕೂತಿದ್ದರೆ ಅದರ ಸುಮಾರು ಎರಡರಷ್ಟು ಹೊತ್ತು ಬಾಳುತ್ತದೆ. ಅಂದರೆ ಹಾರ್ಮೋನು ರಿಸೆಪ್ಟರನ್ನು ಸವೆಸುವುದಿಲ್ಲ, ಕಾಪಾಡುತ್ತದೆ.

ಹಾಗಿದ್ದರೆ ಈ ಕಟ್ಟುಕಥೆ ಎಲ್ಲಿಂದ ಬಂತು? ವೃಷಣ ತೆಗೆದ ಇಲಿಯ ಪ್ರೊಸ್ಟೇಟ್‌ನಲ್ಲಿ ರಿಸೆಪ್ಟರಿನ ಎಂಆರ್‌ಎನ್‌ಎ (ಪ್ರೋಟೀನು ತಯಾರಿಸಲು ಜೀನಿನಿಂದ ತೆಗೆದ ನಕಲು) ಏರುತ್ತದೆ. ಅಷ್ಟು ಮಾತ್ರ ಓದಿದವರಿಗೆ "ಹಾರ್ಮೋನು ಇಲ್ಲದಿದ್ದರೆ ರಿಸೆಪ್ಟರ್ ಹೆಚ್ಚುತ್ತದೆ" ಎನಿಸುತ್ತದೆ. ಅದೇ ಇಲಿಯ ಅದೇ ಪ್ರೊಸ್ಟೇಟ್‌ನಲ್ಲಿ ರಿಸೆಪ್ಟರ್ ಪ್ರೋಟೀನು ಇಳಿದಿರುತ್ತದೆ. ಕೆಲಸ ಮಾಡುವುದು ಪ್ರೋಟೀನು, ಎಂಆರ್‌ಎನ್‌ಎ ಅಲ್ಲ. ಇನ್ನು ಕೆಲವರು ಪ್ರೊಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯುಪ್ರೊಲೈಡ್‌ನ ಉದಾಹರಣೆ ತರುತ್ತಾರೆ. ಅದು ಸತತವಾಗಿದ್ದಾಗ ಸ್ಪಂದನೆ ಕಳೆದುಕೊಳ್ಳುವುದು ಪಿಟ್ಯುಟರಿ ಕೋಶದ ಮೇಲ್ಮೈಯ ಜಿಎನ್‌ಆರ್‌ಎಚ್ (ಪಿಟ್ಯುಟರಿಗೆ ಮಿದುಳು ಕಳಿಸುವ ಹಾರ್ಮೋನು) ರಿಸೆಪ್ಟರ್. ಅದು ಬೇರೆಯೇ ಕುಟುಂಬ. ಅದರ ನಿಯಮವನ್ನು ಇದಕ್ಕೆ ಹಚ್ಚಬೇಡಿ.

ಈಗ ನಿಮ್ಮ ಸೊನ್ನೆ. ಬೆಳೆಯುವ ವೀರ್ಯಾಣುವಿಗೆ ಸ್ವತಃ ಆಂಡ್ರೊಜೆನ್ ರಿಸೆಪ್ಟರ್ ಬೇಕಿಲ್ಲ, ಅದನ್ನು ಸಾಕುವ ಸರ್ಟೊಲಿ ಕೋಶಕ್ಕೆ ಬೇಕು. ಸರ್ಟೊಲಿಯಲ್ಲಿ ಮಾತ್ರ ರಿಸೆಪ್ಟರ್ ತೆಗೆದ ಗಂಡು ಇಲಿಗಳಲ್ಲಿ ವೀರ್ಯಾಣುವಿನ ಬೆಳವಣಿಗೆ ಮಿಯೋಸಿಸ್ (ಕ್ರೋಮೋಸೋಮು ಅರ್ಧವಾಗುವ ಕೋಶವಿಭಜನೆ) ಹಂತದಲ್ಲೇ ನಿಂತದ್ದನ್ನು 2004ರಲ್ಲಿ ತೋರಿಸಲಾಯಿತು. ಸರ್ಟೊಲಿಗೆ ರಕ್ತದಲ್ಲಿರುವಷ್ಟು ಟೆಸ್ಟೊಸ್ಟೆರಾನ್ ಸಾಲದು. ವೃಷಣದೊಳಗಿನ ಮಟ್ಟ ರಕ್ತಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಇಂಜೆಕ್ಷನ್ ರಕ್ತದ ಮಟ್ಟ ಏರಿಸುತ್ತದೆ, ಅದನ್ನು ಕಂಡ ಪಿಟ್ಯುಟರಿ ವೃಷಣವನ್ನು ಕೆಲಸಕ್ಕೆ ಹಚ್ಚುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ನಿಲ್ಲಿಸುತ್ತದೆ, ವೃಷಣದೊಳಗಿನ ಉತ್ಪಾದನೆ ಕುಸಿಯುತ್ತದೆ. ವಾರಕ್ಕೆ 200 ಮಿ.ಗ್ರಾಂ ಟೆಸ್ಟೊಸ್ಟೆರಾನ್ ಎನಾಂಥೇಟನ್ನು ವಿಶ್ವ ಆರೋಗ್ಯ ಸಂಸ್ಥೆ ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರ ಕೌಂಟ್ ಸೊನ್ನೆಯಾಯಿತು. ಮಗು ಬೇಕೆನ್ನುವವರು ಚುಚ್ಚಿಸಿಕೊಳ್ಳುತ್ತಿರುವುದು ಇದನ್ನೇ!

ನಾಲ್ಕು ವಾರದ ಗ್ಯಾಪ್ ಏನೂ ಅಲ್ಲ. ಔಷಧಿ ಮೈಯಿಂದ ಪೂರ್ತಿ ಹೋಗಲಿಕ್ಕೇ ಕೆಲವು ವಾರ ಬೇಕು, ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು.

ಇಂಜೆಕ್ಷನ್ ನಿಲ್ಲಿಸಿ ಎಂಡೊಕ್ರೈನಾಲಜಿಸ್ಟ್ ಇಲ್ಲವೇ ಆಂಡ್ರಾಲಜಿಸ್ಟರನ್ನು ನೋಡಿ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಎಂಡೊಕ್ರೈನಾಲಜಿ ವಿಭಾಗವೇ ಇದೆ. ಏನೇನು ತಗೊಂಡಿದ್ದೀರೋ ಎಲ್ಲ ಹೇಳಿ, ಮುಚ್ಚಿಡಬೇಡಿ. ಟೆಸ್ಟೊಸ್ಟೆರಾನ್ ರಕ್ತಪರೀಕ್ಷೆ ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ. ಹೋಟೆಲಿನಲ್ಲಿ ರಾತ್ರಿಪಾಳಿ ಮಾಡುವವರು ನಿದ್ದೆಯಿಂದೆದ್ದ ಎರಡು ಮೂರು ಗಂಟೆಯೊಳಗೆ ಕೊಡಲಿ. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ತಳಕ್ಕಿಳಿದಿದ್ದರೆ ಇಂಜೆಕ್ಷನ್ನಿನ ಪರಿಣಾಮ. ಎಫ್‌ಎಸ್‌ಎಚ್ ಏರಿದ್ದರೆ ತೊಂದರೆ ವೃಷಣದಲ್ಲೇ. ಇಂಜೆಕ್ಷನ್ ನಿಂತು ಹಾರ್ಮೋನುಗಳೆಲ್ಲ ಸರಿಯಾದ ಮೇಲೂ ಸೊನ್ನೆಯೇ ಇದ್ದರೆ ವೀರ್ಯಾಣು ಹೊರಬರುವ ನಾಳ ಕಟ್ಟಿಕೊಂಡಿದೆಯೇ ನೋಡಬೇಕು. ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸಂಯಮವಿರಲಿ. ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಕೌಂಟ್ ಮರಳುತ್ತದೆ, ಕೆಲವರಿಗೆ ಎರಡು ವರ್ಷ. ವೃಷಣವನ್ನು ಮತ್ತೆ ಚಾಲೂ ಮಾಡಲು ಕೊಡುವ ಎಚ್‌ಸಿಜಿ, ಕ್ಲೊಮಿಫೀನ್ ಔಷಧಿಗಳನ್ನು ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ, ರಿಪೋರ್ಟ್ ನೋಡದೆ ಅವುಗಳ ಡೋಸ್ ಗೊತ್ತಾಗುವುದಿಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಮನೆಯಲ್ಲಿ ಅಪ್ಪ ಪ್ರೊಸ್ಟೇಟಿಗೆಂದು ಫಿನಾಸ್ಟರೈಡ್ ತಗೊಳ್ಳುತ್ತಿರಬಹುದು. ಪ್ರೊಸ್ಟೇಟ್‌ನಲ್ಲಿ ಟೆಸ್ಟೊಸ್ಟೆರಾನ್ ಡಿಎಚ್‌ಟಿ ಎಂಬ ಇನ್ನೊಂದು ಗಂಡು ಹಾರ್ಮೋನಾಗಿ ಬದಲಾಗುತ್ತದೆ, ಡಿಎಚ್‌ಟಿ ರಿಸೆಪ್ಟರನ್ನು ಇನ್ನೂ ಬಿಗಿಯಾಗಿ ಹಿಡಿದು ನಿಧಾನವಾಗಿ ಬಿಡುತ್ತದೆ. ಮಾತ್ರೆ ಈ ಬದಲಾವಣೆಯನ್ನು ತಡೆಯುತ್ತದೆ. ಪಿಎಸ್‌ಎ (ಪ್ರೊಸ್ಟೇಟ್ ಕ್ಯಾನ್ಸರ್ ಪತ್ತೆಗೆಂದು ರಕ್ತದಲ್ಲಿ ಅಳೆಯುವ ಪ್ರೋಟೀನು) ಜೀನನ್ನು ಚಾಲೂ ಮಾಡುವುದೂ ಇದೇ ರಿಸೆಪ್ಟರ್ ಆದ್ದರಿಂದ ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎ ಸುಮಾರು ಅರ್ಧಕ್ಕಿಳಿಯುತ್ತದೆ. ರಿಪೋರ್ಟಿನಲ್ಲಿ 3 ಬಂದರೆ 6 ಎಂದು ಓದಬೇಕು. ಕೂದಲಿಗೆ ತಗೊಳ್ಳುವ 1 ಮಿ.ಗ್ರಾಂ ಮಾತ್ರೆಯೂ ಪಿಎಸ್‌ಎ ಇಳಿಸುತ್ತದೆ. ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿ. ಮಾತ್ರೆ ನಡೆಯುತ್ತಿರುವಾಗಲೇ ಇಳಿದ ಪಿಎಸ್‌ಎ ಮತ್ತೆ ಏರತೊಡಗಿದರೆ, ಅಂಕಿ ನಾರ್ಮಲ್ ಮಿತಿಯೊಳಗಿದ್ದರೂ, ಯೂರಾಲಜಿಸ್ಟರಿಗೆ ತೋರಿಸಿ.