ಹೊಳೆ ದಡಕ್ಕೆ ಎಷ್ಟು ದಪ್ಪದ ಕಲ್ಲು ಬೇಕು?

ಸಿದ್ದಾಪುರದಿಂದ ಕುಶಾಲನಗರದವರೆಗೆ ಕಾವೇರಿ ತಿರುಗುವ ಜಾಗಗಳನ್ನು ನೋಡಿ. ಒಳದಡದಲ್ಲಿ ಮರಳು ಕೂತಿರುತ್ತದೆ. ಹೊರದಡ ಕತ್ತಿಯಲ್ಲಿ ಕಡಿದ ಹಾಗೆ ನಿಂತಿರುತ್ತದೆ, ಬಿದಿರಿನ ಬೇರು ಹೊರಗೆ ನೇತಾಡುತ್ತಿರುತ್ತದೆ. ಕಲ್ಲು ಬೇಕಾಗುವುದು ಅಲ್ಲಿಗೆ.

ಎಷ್ಟು ವೇಗದ ನೀರಿಗೆ ಎಷ್ಟು ದೊಡ್ಡ ಕಲ್ಲು ಬೇಕು ಎಂದು ಹೇಳುವ ಇಸ್ಬಾಷ್ ಸೂತ್ರ ಸುಲಭ. ನೀರಿನ ವೇಗದ ವರ್ಗವನ್ನು 2 × 9.81 × (ಕಲ್ಲಿನ ಸಾಪೇಕ್ಷ ಸಾಂದ್ರತೆ − 1) × ಗುಣಾಂಕದ ವರ್ಗ, ಇಷ್ಟರಿಂದ ಭಾಗಿಸಿ. ಬಂದದ್ದು ಕಲ್ಲಿನ ವ್ಯಾಸ, ಮೀಟರಿನಲ್ಲಿ. ನೀರು ನಯವಾಗಿ ಹರಿಯುವಲ್ಲಿ ಗುಣಾಂಕ 1.20. ಸುಳಿ ಜಾಸ್ತಿ ಇರುವಲ್ಲಿ 0.86. ಕ್ವಾರಿ ಕಲ್ಲಿಗೆ ಸಾಪೇಕ್ಷ ಸಾಂದ್ರತೆ, ಅಂದರೆ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, 2.65 ಹಿಡಿಯೋಣ.

ಕಷ್ಟ ಇರುವುದು ಆ ವೇಗದಲ್ಲಿ. ನನ್ನ ಅಭ್ಯಾಸದ ಲೆಕ್ಕದಲ್ಲಿ ಹೆಕ್-ರಾಸ್ (ಹೊಳೆಯ ಹರಿವನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್) 3 ಮೀ/ಸೆ ತೋರಿಸಿತು. ಸುಳಿಯ ಗುಣಾಂಕ ಹಾಕಿದೆ, ವ್ಯಾಸ 0.38 ಮೀಟರ್ ಬಂತು. ಉಂಡೆ ಎಂದುಕೊಂಡರೆ ಸುಮಾರು 75 ಕೆಜಿ, ಇಬ್ಬರು ಹೇಗೋ ಉರುಳಿಸಬಹುದು. ಖುಷಿಯಾಯಿತು. ಆಮೇಲೆ ನೋಡಿದರೆ, ಹೊಳೆ ಎಲ್ಲಿಗೆ ಮುಗಿಯುತ್ತದೆ ಎಂದು ಮಾಡೆಲ್‌ಗೆ ಹೇಳುವ ದಡದ ಗುರುತನ್ನು ಗದ್ದೆಯ ಒಳಗೆ ಹಾಕಿದ್ದೆ! ಗದ್ದೆಯಲ್ಲಿ ನಿಧಾನವಾಗಿ ಹರಿಯುವ ಮೊಣಕಾಲುದ್ದದ ನೀರೂ ಸರಾಸರಿಗೆ ಸೇರಿ ಹೊಳೆಯ ವೇಗ ಇಳಿದಿತ್ತು. ಗುರುತು ಸರಿಪಡಿಸಿದೆ, ವೇಗ 4 ಮೀ/ಸೆ ಬಂತು. ಈಗ ವ್ಯಾಸ 0.67 ಮೀಟರ್, ತೂಕ 400 ಕೆಜಿ ದಾಟಿತು. ಇದಕ್ಕೆ ಜೆಸಿಬಿಯೇ ಬೇಕು. ವ್ಯಾಸ ವೇಗದ ವರ್ಗದಂತೆ ಏರಿದರೆ ತೂಕ ಆರನೇ ಘಾತದಂತೆ ಏರುತ್ತದೆ, ಅದಕ್ಕೇ ಈ ಜಿಗಿತ.

ಈ 4 ಕೂಡ ಸೆಕ್ಷನ್ನಿನ, ಅಂದರೆ ಹೊಳೆಯ ಅಡ್ಡಸೀಳಿನ, ಸರಾಸರಿಯೇ. ಹರಿವನ್ನು ಹೊಳೆಯ ಉದ್ದಕ್ಕೆ ಮಾತ್ರ ಲೆಕ್ಕ ಹಾಕುವ ಇಂಥ ಒಂದು ಆಯಾಮದ ಮಾಡೆಲ್‌ಗೆ ತಿರುವು ಅಂದರೆ ಏನೆಂದು ಗೊತ್ತಿಲ್ಲ. ಬಿಗಿ ತಿರುವಿನ ಹೊರದಡದಲ್ಲಿ ವೇಗ ಸರಾಸರಿಯ ಒಂದೂವರೆ ಪಟ್ಟಿನ ಹತ್ತಿರ ಹೋಗಬಹುದು. ಅಂಥ ಕಡೆ ಅಗಲಕ್ಕೂ ಲೆಕ್ಕ ಹಾಕುವ ಎರಡು ಆಯಾಮದ ಮಾಡೆಲ್ ಓಡಿಸುವುದೇ ವಾಸಿ.

2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಲಿಹುದಿಕೇರಿಯ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಪ್ರವಾಹ ಗೋಡೆ ಮೇಲೆ ಬಿಟ್ಟುಹೋಗುವ ಕೆಸರಿನ ಗೆರೆ ಆಳವನ್ನು ಹೇಳುತ್ತದೆ, ವೇಗವನ್ನಲ್ಲ. ಕೆಳಗಡೆ ನೀರು ಕಟ್ಟಿಕೊಂಡರೆ ಹೊಳೆ ಎತ್ತರವಾಗಿದ್ದೂ ನಿಧಾನವಾಗಿರುತ್ತದೆ. ಅದಕ್ಕೇ ಒಂದೇ ಪ್ರವಾಹಕ್ಕೆ ನಿಲ್ಲಿಸದೆ ಸಣ್ಣ, ಮಧ್ಯಮ ಹರಿವುಗಳನ್ನೂ ಮಾಡೆಲ್‌ನಲ್ಲಿ ಓಡಿಸಿ ನೋಡಿ.

ಹೊಳೆಯಲ್ಲೇ ಸಿಗುವ ನುಣುಪು ಗುಂಡುಕಲ್ಲು ಪುಕ್ಕಟೆ ಅಂತ ಹಾಕಬೇಡಿ. ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಬೇಗ ಉರುಳುತ್ತವೆ. ಮೂಲೆಯಿರುವ ಒಡೆದ ಕಲ್ಲೇ ಬೇಕು. ಅದರಡಿ ಜಲ್ಲಿಯ ಪದರವೋ ಜಿಯೋಟೆಕ್ಸ್‌ಟೈಲ್ ಬಟ್ಟೆಯೋ ಇರಲಿ. ಇಲ್ಲದಿದ್ದರೆ ಕಲ್ಲು ಅಲ್ಲೇ ಇದ್ದರೂ ಸಂದಿನಿಂದ ಕೆಂಪು ಮಣ್ಣು ಜಾರಿ ಹೋಗಿ, ಎರಡು ಮಳೆಗಾಲದಲ್ಲಿ ದಡವೇ ಕುಸಿದು ಕೂರುತ್ತದೆ.