ಭಾರಿ ಅಂದರೆ ಎಷ್ಟು ಸ್ವಾಮಿ?

ಪ್ರಶ್ನೆ: “‘ಜಿಲ್ಲೆಯಲ್ಲಿ ಭಾರಿ ಮಳೆ’ ಅಂತ ಪೇಪರಿನಲ್ಲಿ ಹಾಕ್ತೀರಿ. ಶ್ರೀನಿವಾಸಪುರದ ಕಡೆ ನಮ್ಮ ಮಾವಿನ ತೋಪಿನಲ್ಲಿ ಧೂಳು ಕೂಡ ಅಡಗಿಲ್ಲ. ಭಾರಿ ಅಂದರೆ ಎಷ್ಟು ಸ್ವಾಮಿ?”

ಮಳೆಗಾಲ ಬಂತೆಂದರೆ ಕೋಲಾರದ ಓದುಗರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ನ್ಯಾಯವಿದೆ. ಒಂದೇ ಪುಟದಲ್ಲಿ ನಾವು ‘ಭಾರಿ’ಯನ್ನು ಮೂರು ನಾಲ್ಕು ಅರ್ಥದಲ್ಲಿ ಬಳಸುತ್ತೇವೆ, ಎಲ್ಲಿ ಯಾವ ಅರ್ಥ ಎಂದು ಮಾತ್ರ ಹೇಳುವುದಿಲ್ಲ.

ಹವಾಮಾನ ಇಲಾಖೆಗೆ ಅದು ಅಳತೆಯ ಮಾತು. ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯೊಳಗೆ ಒಂದು ಮಳೆಮಾಪಕದಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರಿ. ಅದನ್ನು ದಾಟಿ 204.4ರವರೆಗೆ ಅತಿ ಭಾರಿ. 15.6ರಿಂದ 64.4ರವರೆಗಿನದು ‘ಸಾಧಾರಣ’. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆ ಬಿತ್ತೆಂದರೆ ಒಂದು ಲೀಟರ್ ನೀರು. ಎಕರೆ ಎಂದರೆ 4,047 ಚದರ ಮೀಟರ್. ಹಾಗಾಗಿ 64.5 ಮಿಲಿಮೀಟರಿಗೆ ಎಕರೆಗೆ ಸುಮಾರು 2.6 ಲಕ್ಷ ಲೀಟರ್ ಆಯಿತು. ಐದು ಸಾವಿರ ಲೀಟರಿನ ಟ್ಯಾಂಕರ್ 52 ಸಲ ಬಂದು ಸುರಿದು ಹೋದಷ್ಟು! ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ದುಡ್ಡು ಎಣಿಸಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ವರದಿಗಾರನ ‘ಭಾರಿ’ ಇದಲ್ಲ. ಅರ್ಧ ಗಂಟೆಯಲ್ಲಿ ಮೂವತ್ತು ಮಿಲಿಮೀಟರ್ ಹೊಡೆದರೆ ಚರಂಡಿ ಉಕ್ಕುತ್ತದೆ, ಟೊಮೆಟೊ ಗಿಡ ಕಟ್ಟಿದ ಕೋಲುಗಳು ವಾಲುತ್ತವೆ, ತೋಪಿನಲ್ಲಿ ಕಾಯಿ ಉದುರುತ್ತದೆ. ಕಂಡದ್ದನ್ನು ಅವನು ಭಾರಿ ಎಂದು ಬರೆಯುತ್ತಾನೆ, ಮಾಪಕ ಸಾಧಾರಣ ಎನ್ನುತ್ತದೆ. ಅವನು ಸುಳ್ಳು ಬರೆದಿಲ್ಲ. ಮಳೆಯ ರಭಸ ಬರೆದಿದ್ದಾನೆ, ಪ್ರಮಾಣವನ್ನಲ್ಲ. ರಭಸಕ್ಕೆ ಬಿರುಸು, ಜೋರು ಎಂಬ ಒಳ್ಳೆಯ ಮಾತುಗಳಿವೆ. ನನ್ನ ಕೈಗೆ ಬಂದ ಸುದ್ದಿಯಲ್ಲಿ ‘ಬಿರುಸಿನ ಮಳೆ’ ಎಂದು ತಿದ್ದುತ್ತೇನೆ. ನಮ್ಮ ರೈತರ ‘ಹದ ಮಳೆ’ ನೋಡಿ: ಬಿತ್ತನೆಗೆ ಬೇಕಾದಷ್ಟು, ಅಷ್ಟೇ. ಮಿಲಿಮೀಟರ್ ಇಲ್ಲದಿದ್ದರೂ ಅರ್ಥ ಖಚಿತ.

ನಿಮ್ಮ ವಿಷಯದಲ್ಲಿ ದೊಡ್ಡ ತಪ್ಪು ‘ಜಿಲ್ಲೆಯಲ್ಲಿ’ ಎಂಬ ಮಾತಿನದು. ಬಂಗಾರಪೇಟೆಯಲ್ಲಿ ಸುರಿದ ಮಳೆ ಶ್ರೀನಿವಾಸಪುರಕ್ಕೆ ಬರಬೇಕೆಂದಿಲ್ಲ. 2021ರ ನವೆಂಬರಿನಂತೆ ಜಿಲ್ಲೆಯ ಉದ್ದಗಲಕ್ಕೂ ಹಿಡಿದು ಕೆರೆಗಳು ಕೋಡಿ ಬಿದ್ದ ಮಳೆ ಅಪರೂಪ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವಾಗ, ಹೋಬಳಿ ಹೆಸರು ಹಾಕದೆ ಮಳೆ ಸುದ್ದಿ ಬರೆಯಲು ನಮಗೆ ನೆಪವಿಲ್ಲ.

ಮಾರುಕಟ್ಟೆ ಸುದ್ದಿಯಲ್ಲಿ ಈ ಪದ ಇನ್ನೂ ನೋಯಿಸುತ್ತದೆ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅಲ್ಲಿಂದ ಸಾವಿರಕ್ಕೆ ಇಳಿದರೂ ‘ಭಾರಿ ಕುಸಿತ’, ಇನ್ನೂರರಿಂದ ನೂರಕ್ಕೆ ಇಳಿದರೂ ‘ಭಾರಿ ಕುಸಿತ’. ಮೊದಲನೆಯದರಲ್ಲಿ ರೈತನಿಗೆ ಇನ್ನೂ ನಾಲ್ಕು ಕಾಸು ಉಳಿಯುತ್ತದೆ. ಎರಡನೆಯದರಲ್ಲಿ ಬಿಡಿಸಿದ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದರೆ ಕೈಗೆ ಏನೂ ಬರುವುದಿಲ್ಲ. ಹಣ್ಣು ರಸ್ತೆ ಬದಿಗೆ ಬೀಳುತ್ತದೆ. ಇವೆರಡಕ್ಕೂ ಒಂದೇ ಪದ ಅಂಟಿಸುವುದನ್ನು ನಾನು ಒಪ್ಪಲಾರೆ. ನಿನ್ನೆಯ ದರ, ಇವತ್ತಿನ ದರ ಎರಡನ್ನೂ ಕೊಟ್ಟರೆ ಸಾಕು, ವಿಶೇಷಣವೇ ಬೇಡ.

‘ಭಾರಿ ವಾಹನ’ದಲ್ಲಿ ಈ ತೊಡಕಿಲ್ಲ. ಕಾನೂನಿನ ಪ್ರಕಾರ ಸರಕು ಸೇರಿ ಒಟ್ಟು ತೂಕ 12,000 ಕಿಲೋ ಮೀರುವ ಲಾರಿ ಅದು.

ನೀರಾವರಿಯಲ್ಲಿ ಮಾತ್ರ ನಮ್ಮ ಕಡೆಯವರು ತಬ್ಬಿಬ್ಬಾಗುತ್ತಾರೆ. ಅಚ್ಚುಕಟ್ಟು, ಅಂದರೆ ಯೋಜನೆಯ ನೀರುಣ್ಣುವ ಜಮೀನು, 10,000 ಹೆಕ್ಟೇರ್ ಮೀರಿದರೆ ‘ಭಾರಿ’, 2,000 ಹೆಕ್ಟೇರಿನವರೆಗೆ ‘ಸಣ್ಣ’. ನಮ್ಮ ಕಣ್ಣಿಗೆ ಎಷ್ಟೇ ವಿಸ್ತಾರವಾಗಿ ಕಂಡರೂ ಇಲ್ಲಿನ ಕೆರೆ ಕಾಗದದಲ್ಲಿ ಸಣ್ಣ ನೀರಾವರಿಯೇ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ, ಸಾವಿರ ಕೋಟಿ ರೂಪಾಯಿ ಮೀರಿದ ಕೆ.ಸಿ. ವ್ಯಾಲಿ ಯೋಜನೆ ಕೂಡ ಸಣ್ಣ ನೀರಾವರಿ ಇಲಾಖೆಯದೇ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಅದರ ನೀರು ಹರಿದದ್ದನ್ನು ‘ಭಾರಿ ಯೋಜನೆ’ ಎಂದು ಬರೆದವರು ಖರ್ಚು ನೋಡಿ ಬರೆದರು, ಇಲಾಖೆಯ ವಿಂಗಡಣೆ ನೋಡಿ ಅಲ್ಲ.

ಇನ್ನು ನಿಮ್ಮ ತೋಪಿನ ಮಾತು. ಬಾಯಿ, ಬುಡ ಒಂದೇ ಅಗಲ ಇರುವ ಡಬ್ಬವೊಂದನ್ನು ಮರಗಳ ನೆರಳು ತಪ್ಪಿಸಿ ಬಯಲಿನಲ್ಲಿ ಇಡಿ. ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲ್ ಇಳಿಸಿ ನೋಡಿ, ನೀರು ಚೆಲ್ಲಿ ಮತ್ತೆ ಇಡಿ. ಮರುದಿನ ನೀರು ಆರೂವರೆ ಸೆಂಟಿಮೀಟರ್ ಮುಟ್ಟಿದ್ದರೆ ನನಗೆ ಫೋನ್ ಮಾಡಿ, ನಿಮ್ಮ ಹೋಬಳಿಯ ಹೆಸರು ಹಾಕಿಯೇ ‘ಭಾರಿ ಮಳೆ’ ಎಂದು ಬರೆಯುತ್ತೇನೆ.