ಎಲ್ಲರೂ ‘ನಾವು’ ಎನ್ನುವ ಊರಲ್ಲಿ ಒಬ್ಬನಿಗೆ ಮಾತ್ರ ‘ನಾನು’ ಹೊಳೆಯುವುದು ಹೇಗೆ?

ಪ್ರಶ್ನೆ: ಡಿಸ್ಟೋಪಿಯನ್ ಕಾದಂಬರಿಗಳಲ್ಲಿ, ಅಂದರೆ ದುಃಸ್ವಪ್ನದಂಥ ಸಮಾಜವನ್ನು ಕಲ್ಪಿಸುವ ಕಥೆಗಳಲ್ಲಿ, ಎಲ್ಲರೂ ಹುಟ್ಟಿದಾಗಿನಿಂದ ಒಂದೇ ಅಚ್ಚಿನಲ್ಲಿ ಬೆಳೆದಿರುತ್ತಾರೆ. ಬೇರೆ ಥರದ ಬದುಕನ್ನು ಕಂಡೇ ಇರುವುದಿಲ್ಲ. ಹಾಗಿದ್ದಮೇಲೆ ಒಬ್ಬನಿಗೆ ಮಾತ್ರ ‘ನಾನು ಬೇರೆ’ ಅಂತ ಹೇಗೆ ಅನಿಸುತ್ತದೆ? ಇದು ಲೇಖಕರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಜಾದೂ ಅಲ್ವಾ?

ಉತ್ತರ: ಸಾಧಾರಣ ಕಾದಂಬರಿಗಳಲ್ಲಿ ಜಾದೂನೇ. ನಾಯಕ ಒಂದು ದಿನ ಬೆಳಗ್ಗೆ ಎದ್ದವನೇ ಸ್ವಾತಂತ್ರ್ಯದ ಬಗ್ಗೆ ಭಾಷಣ ಶುರು ಮಾಡುತ್ತಾನೆ. ಒಳ್ಳೆಯ ಲೇಖಕರ ಕೈಯಲ್ಲಿ ಈ ‘ನಾನು’ ಮೊದಲು ಕಾಣಿಸಿಕೊಳ್ಳುವುದು ಮೈಯಲ್ಲಿ. ಎಲ್ಲೋ ಏನೋ ಸರಿಯಿಲ್ಲ ಅನ್ನುವ ಕಿರಿಕಿರಿಯಾಗಿ. ಅದಕ್ಕೆ ಹೆಸರು ಸಿಗುವುದು ಎಷ್ಟೋ ಆಮೇಲೆ.

ಯೆವ್ಗೆನಿ ಜಮ್ಯಾತಿನ್‌ನ ‘ವಿ’ (We, ಅಂದರೆ ‘ನಾವು’) ಕಾದಂಬರಿಯನ್ನೇ ನೋಡಿ. 1920ರ ಆಸುಪಾಸಿನಲ್ಲಿ ರಷ್ಯಾದಲ್ಲಿ ಬರೆದದ್ದು. ಅಲ್ಲಿ ಅಚ್ಚಾಗಲು ಬಿಡಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿಗೆ ಬಂತು, ಸ್ವಂತ ದೇಶದಲ್ಲಿ ಪ್ರಕಟವಾಗಲು 1988 ಆಗಬೇಕಾಯಿತು. ಜಮ್ಯಾತಿನ್ ಹಡಗು ಕಟ್ಟುವ ಎಂಜಿನಿಯರ್. ಕಾರ್ಖಾನೆಯ ಗಡಿಯಾರವನ್ನು ಊಟದ ಮೇಜಿನವರೆಗೂ ತಂದರೆ ಏನಾಗುತ್ತದೆ ಎಂದು ಊಹಿಸಲು ಅವನಿಗೆ ಕಷ್ಟವಾಗಿರಲಿಕ್ಕಿಲ್ಲ. ಅವನ ರಾಜ್ಯದಲ್ಲಿ ಜನರಿಗೆ ಹೆಸರಿಲ್ಲ, ನಂಬರ್ ಇದೆ. ಮನೆಯ ಗೋಡೆಗಳು ಗಾಜಿನವು. ಪರದೆ ಇಳಿಸಬೇಕೆಂದರೆ ಗುಲಾಬಿ ಬಣ್ಣದ ಚೀಟಿ ಬೇಕು. ಒಂದು ತುತ್ತನ್ನು ಐವತ್ತು ಸಲ ಅಗಿಯಬೇಕು, ಅದೂ ಎಲ್ಲರೂ ಒಟ್ಟಿಗೆ.

ಡಿ-503 ಇಲ್ಲಿನ ನಿಷ್ಠಾವಂತ ಪ್ರಜೆ, ಗಣಿತದವನು. ಬೇರೆ ಗ್ರಹಗಳಿಗೆ ಹೋಗುವ ನೌಕೆ ಕಟ್ಟುತ್ತಿದ್ದಾನೆ. ನೌಕೆಯ ಜೊತೆ ಕಳಿಸಲು ನಮ್ಮ ರಾಜ್ಯವನ್ನು ಹೊಗಳಿ ಬರೆಯಿರಿ ಎಂದು ಸರ್ಕಾರಿ ಪತ್ರಿಕೆ ಕರೆ ಕೊಡುತ್ತದೆ, ಇವನು ಬರೆಯಲು ಕೂರುತ್ತಾನೆ. ಅಂದರೆ ಅವನನ್ನು ಹಾಳು ಮಾಡುವ ಡೈರಿ ಶುರುವಾಗುವುದೇ ಸರ್ಕಾರದ ಕೆಲಸವಾಗಿ! ನನಗೆ ಈ ಕಾದಂಬರಿಯಲ್ಲಿ ತುಂಬಾ ಇಷ್ಟವಾದ ತಮಾಷೆ ಇದು.

ಅವನಿಗೆ ಒಂದೇ ಒಂದು ಮುಜುಗರ: ಅವನ ಕೈಗಳು. ಕೋತಿಯ ಕೈಗಳ ಹಾಗೆ ರೋಮ ತುಂಬಿಕೊಂಡಿವೆ. ಯಾರಾದರೂ ಅವನ್ನು ನೋಡಿದರೆ ಆಗುವುದಿಲ್ಲ. ಎಷ್ಟು ಸಮವಸ್ತ್ರ ತೊಡಿಸಿದರೂ ಆ ಕೈಗಳು ಅವನವೇ. ಐ-330 ಎಂಬ ಹೆಂಗಸು ಬಂದವಳೇ ಅವನ್ನು ಗಮನಿಸುತ್ತಾಳೆ. ಅಲ್ಲಿಂದ ನಿದ್ದೆ ಕೆಡುತ್ತದೆ, ಕನಸು ಬೀಳುತ್ತದೆ. ವೈದ್ಯರ ಹತ್ತಿರ ಓಡುತ್ತಾನೆ. ನಿನಗೆ ಆತ್ಮ ಹುಟ್ಟಿಕೊಂಡಂತಿದೆ ಅನ್ನುತ್ತಾನೆ ವೈದ್ಯ, ಕಾಯಿಲೆಯ ಹೆಸರು ಹೇಳುವಂತೆ. ಡಿ-503ಗೂ ಅದು ಕಾಯಿಲೆಯೇ. ಕಸ ಬಿದ್ದ ಕಣ್ಣು, ಕೀವಾದ ಬೆರಳು, ನೋಯುವ ಹಲ್ಲು ಮಾತ್ರ ತಾವು ಇದ್ದೇವೆಂದು ತೋರಿಸಿಕೊಳ್ಳುತ್ತವೆ, ‘ನಾನು’ ಅನ್ನುವ ಅರಿವೂ ಹಾಗೇ ಎಂದು ತರ್ಕ ಹೂಡುತ್ತಾನೆ.

ಈಗ ನಿಮ್ಮ ಪ್ರಶ್ನೆಗೆ ಬನ್ನಿ. ಅವನು ಬೇರೆ ಬದುಕನ್ನು ಕಂಡಿರಬೇಕಾದ ಅಗತ್ಯವೇ ಇಲ್ಲ. ಹಲ್ಲುನೋವು ಬರಲು ಹಲ್ಲಿದ್ದರೆ ಸಾಕು.

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಕೂಡ ‘1984’ ಕಾದಂಬರಿಯಲ್ಲಿ ಹೀಗೇ ಮಾಡಿದ್ದಾನೆ. ನಾಯಕ ವಿನ್ಸ್ಟನ್, ಮನೆಯೊಳಗೂ ಜನರ ಮೇಲೆ ನಿಗಾ ಇಡುವ ಟೆಲಿಸ್ಕ್ರೀನಿನ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂತು ಡೈರಿ ತೆರೆಯುತ್ತಾನೆ. ಏನು ಬರೆಯಬೇಕೆಂದೇ ತೋಚುವುದಿಲ್ಲ. ಸುಮ್ನೆ ಹಿಂದಿನ ರಾತ್ರಿ ನೋಡಿದ ಯುದ್ಧದ ಸಿನಿಮಾ ಬಗ್ಗೆ ಏನೇನೋ ಗೀಚುತ್ತಾನೆ. ಆಮೇಲೆ ನೋಡಿದರೆ, ಆ ರಾಜ್ಯದ ಸರ್ವಾಧಿಕಾರಿ ಬಿಗ್ ಬ್ರದರ್‌ಗೆ ಧಿಕ್ಕಾರ ಎಂದು ಅವನ ಕೈ ಮತ್ತೆ ಮತ್ತೆ ಬರೆದುಬಿಟ್ಟಿದೆ. ಅವನಿಗೆ ಗೊತ್ತಾಗುವ ಮೊದಲೇ ಕೈಗೆ ಗೊತ್ತಾಗಿದೆ.

ಐನ್ ರ‍್ಯಾಂಡ್‌ಳ ‘ಆಂಥೆಮ್’ (1938) ಕಾದಂಬರಿಯೂ ಇದೇ ಸಾಲಿನದು. ಅಲ್ಲಿನ ಜನರಿಗೆ ‘ನಾನು’ ಎಂಬ ಪದವೇ ಗೊತ್ತಿಲ್ಲ. ರಸ್ತೆ ಗುಡಿಸುವವನೊಬ್ಬ ಹಳೆಯ ಸುರಂಗ ಕಂಡುಕೊಂಡು, ಕದ್ದ ಮೇಣದಬತ್ತಿಯ ಬೆಳಕಲ್ಲಿ ಒಂಟಿಯಾಗಿ ಪ್ರಯೋಗ ಮಾಡುತ್ತಾನೆ. ಸುರಂಗದ ಭಾಗ ಚೆನ್ನಾಗಿದೆ. ಕೊನೆಯಲ್ಲಿ ಅವನಿಗೆ ‘ನಾನು’ ಸಿಕ್ಕ ಮೇಲೆ ಬರುವುದೆಲ್ಲ ಘೋಷಣೆ. ಅಲ್ಲಿ ನನಗೆ ಆಸಕ್ತಿ ಹೋಗುತ್ತದೆ. ಎಲ್ಲರಿಂದ ದೂರ ನಿಂತರೆ ಮಾತ್ರ ‘ನಾನು’ ಸಿಗುತ್ತದೆ ಎಂಬಂತಿದೆ ಅವಳ ಮಾತು. ಜಮ್ಯಾತಿನ್‌ನಲ್ಲಿ ಹಾಗಿಲ್ಲ. ಡಿ-503 ತನ್ನನ್ನು ಕಂಡುಕೊಳ್ಳುವುದೇ ಇನ್ನೊಬ್ಬಳು ಅವನ ಕೈ ನೋಡಿದ್ದರಿಂದ. ಒಟ್ಟಿಗೆ ಬಾಳುವುದರಲ್ಲಿ ತಪ್ಪೇನಿಲ್ಲ. ಡಿ-503ನ ರಾಜ್ಯವನ್ನು ಸುತ್ತುವರಿದ ಹಸಿರು ಗೋಡೆಯ ಆಚೆಯ ಕಾಡಿನ ಜನರೂ ಗುಂಪಾಗಿಯೇ ಇದ್ದಾರೆ, ಯಾರೂ ಅವರ ತುತ್ತು ಎಣಿಸುವುದಿಲ್ಲ, ಅಷ್ಟೇ.

ಹಾಗಾದರೆ ಒಮ್ಮೆ ಸಿಕ್ಕ ‘ನಾನು’ ಉಳಿಯುತ್ತದೆಯೇ? ಗ್ಯಾರಂಟಿ ಇಲ್ಲ. ರಾಜ್ಯ ಕೊನೆಗೆ ಕಲ್ಪನಾಶಕ್ತಿಯನ್ನೇ ತೆಗೆಯುವ ಆಪರೇಷನ್ ಕಂಡುಹಿಡಿಯುತ್ತದೆ. ಡಿ-503ಗೂ ಅದನ್ನು ಮಾಡುತ್ತಾರೆ. ರಾಜ್ಯದ ವಿರುದ್ಧ ಬಂಡೆದ್ದ ಐ-330ಗೆ ಚಿತ್ರಹಿಂಸೆ ಕೊಡುವುದನ್ನು ಅವನು ಪಕ್ಕದಲ್ಲೇ ಕೂತು ನೋಡುತ್ತಾನೆ, ಏನೂ ಅನಿಸುವುದಿಲ್ಲ. ತಪ್ಪಿಸಿಕೊಳ್ಳುವವಳು ಡಿ-503ನ ಗೆಳತಿ ಓ-90. ತಾಯಿಯಾಗಲು ಸರ್ಕಾರ ಗೊತ್ತುಮಾಡಿದ ಎತ್ತರಕ್ಕಿಂತ ಅವಳು ಹತ್ತು ಸೆಂಟಿಮೀಟರ್ ಗಿಡ್ಡ. ಆದರೂ ಮಗು ಬೇಕು ಅವಳಿಗೆ. ಡೈರಿ ಬರೆದವಳಲ್ಲ, ವಾದ ಮಾಡಿದವಳಲ್ಲ. ಡಿ-503ನ ಮಗುವನ್ನು ಹೊಟ್ಟೆಯಲ್ಲಿಟ್ಟುಕೊಂಡು ಐ-330ಳ ಸಹಾಯದಿಂದ ಗೋಡೆ ದಾಟಿ ಹೋಗುತ್ತಾಳೆ.